ಬದುಕಿದ್ದವನಿಗೆ ಹಾಕಿದ ಎಲೆ

ಕಪ್ಪಣ್ಣ ಸತ್ತಿಲ್ಲ, ಪ್ರವೀಣ. ನಾನು ಸುಳ್ಳು ಹೇಳಿದೆ. ನೀನು ದೋಹಾದಲ್ಲಿ ಕೂತು ಅತ್ತದ್ದು, ಹಿತ್ತಲಿನ ಬಿಂಬುಳಿ ಮರದ ಬುಡದಲ್ಲಿ ಊದುಬತ್ತಿ ಹಚ್ಚಿದ್ದು, ಪ್ರತಿ ಆಟಿಯಲ್ಲೂ ತೀರಿಕೊಂಡವರ ಜೊತೆ ಅವನ ಹೆಸರಿಗೂ ಎಲೆ ಹಾಕಿಸಿದ್ದು — ಎಲ್ಲ ಒಂದು ಬದುಕಿರುವ ನಾಯಿಗೆ. ಆ ಮರದ ಕೆಳಗೆ ಮಣ್ಣು ಬಿಟ್ಟರೆ ಏನೂ ಇಲ್ಲ. ಅವನು ಕೂಳೂರಿನಲ್ಲಿ ಹೊಳೆಯ ಬದಿಯ ಒಂದು ಮನೆಯಲ್ಲಿದ್ದಾನೆ. ಮುದುಕನಾಗಿದ್ದಾನೆ, ಮೂತಿ ನರೆತಿದೆ, ಆದರೂ ನೀರು ಕಂಡರೆ ಹಾರುತ್ತಾನೆ.

ಇದನ್ನು ಬಾಯಲ್ಲಿ ಹೇಳಬೇಕಿತ್ತು. ಆದರೆ ನಿನ್ನ ಅಕ್ಕನ ಬಾಯಿ ನಿನಗೆ ಗೊತ್ತಲ್ಲ — ತಪ್ಪು ಒಪ್ಪಿಕೊಳ್ಳಲು ಹೊರಟರೂ ಅರ್ಧ ದಾರಿಯಲ್ಲಿ ಬೈಗುಳವಾಗುತ್ತದೆ, ಕೊನೆಗೆ ಎದುರಿನವರೇ ಕ್ಷಮೆ ಕೇಳಿ ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಆಟಿ ತಿಂಗಳು, ಮದುವೆಗಳಿಲ್ಲ, ಮದುಮಗಳ ಅಲಂಕಾರಕ್ಕೆ ಯಾರೂ ಬರುವುದಿಲ್ಲ. ಕಂಕನಾಡಿಯ ನನ್ನ ಪಾರ್ಲರಿನಲ್ಲಿ ಈಗ ನಾನು ಮತ್ತು ಕನ್ನಡಿಗಳು ಮಾತ್ರ. ಆ ಕನ್ನಡಿಯಲ್ಲಿ ಕಾಣುವವಳ ಮೇಲೆ ನನಗೆ ಬಹಳ ಸಿಟ್ಟು ಬಂದಿದೆ.

ನಿನ್ನ ಮೇಲೂ ಸಿಟ್ಟಿತ್ತು, ಅದನ್ನೂ ಹೇಳಿಬಿಡುತ್ತೇನೆ. ಕೆಲಸ ಹೋಗಿ, ಸಂಸಾರವೂ ಮುರಿದು ನೀನು ಮೊದಲ ಸಲ ಗಲ್ಫಿನಿಂದ ವಾಪಸು ಬಂದಾಗ ಪಡೀಲಿನ ಮನೆಗೆ ಎರಡು ಪೆಟ್ಟಿಗೆ, ಒಂದು ಪಂಜರ ತಂದೆ. ನಿನ್ನ ಹಳೆಯ ಸಾಹೇಬರು ತಮ್ಮ ದೇಶಕ್ಕೆ ಹೊರಟಾಗ ಕೊಟ್ಟ ಮರಿಯಂತೆ. ಅಮ್ಮ ಪಂಜರದೊಳಗೆ ಬಗ್ಗಿ ನೋಡಿ, ಕುರಿಮರಿ ಎಂತಕ್ಕೆ ತಂದದ್ದು ಮಾರಾಯ, ಎಂದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಮೈತುಂಬ ಕಪ್ಪು ಗುಂಗುರು, ಒತ್ತೊತ್ತಾಗಿ, ಕರಿಮೆಣಸು ಹರವಿದ ಹಾಗೆ. ಮುಖ ಮತ್ತು ಕಾಲಿನ ತುದಿ ಮಾತ್ರ ನುಣುಪು. ನೀನು ಎದೆಯುಬ್ಬಿಸಿ ಹೇಳಿದೆ, ಇದು ಕರ್ಲಿ ಕೋಟೆಡ್ ರಿಟ್ರೀವರ್, ಕೆಲಸದ ನಾಯಿ, ಬೇಟೆಗಾರರು ಹೊಡೆದ ಬಾತುಕೋಳಿಯನ್ನು ನೀರಿಗೆ ಹಾರಿ ಹಲ್ಲು ತಾಗಿಸದೆ ತಂದು ಕೊಡುವುದು ಇದರ ಕಸುಬು ಎಂದು. ಪಡೀಲಿನಲ್ಲಿ ಬೇಟೆಗಾರರೂ ಇಲ್ಲ, ಬಾತುಕೋಳಿಯೂ ಇಲ್ಲ. ಅದನ್ನು ನಾನು ಆಗಲೇ ಕೇಳಿದ್ದೆ, ನೀನು ನಕ್ಕಿದ್ದೆ. ಬಹಳ ದಿನಗಳ ನಂತರ ನಕ್ಕದ್ದು. ಅದಕ್ಕೆ ಸುಮ್ಮನಾದೆ.

ಅವನು ಇಲ್ಲದಿದ್ದರೆ ಆ ಎರಡು ವರ್ಷ ನೀನು ಎಂತ ಆಗುತ್ತಿದ್ದೆಯೋ — ನನಗೆ ಯೋಚಿಸಲು ಮನಸ್ಸಿಲ್ಲ. ಕೋಣೆಯಿಂದ ಹೊರಗೆ ಬಾರದವನನ್ನು ಆ ನಾಯಿ ಬೆಳಗಾದರೆ ಎಳೆದುಕೊಂಡು ಅಡ್ಯಾರಿನ ಕಡೆ ನೇತ್ರಾವತಿಯ ದಡಕ್ಕೆ ಹೋಗುತ್ತಿತ್ತು. ನೀನು ಕೋಲು ಎಸೆಯುವುದು, ಅವನು ತರುವುದು. ಇಬ್ಬರೂ ಒದ್ದೆಯಾಗಿ ಬಂದು ಚಾವಡಿಯ ನೆಲವೆಲ್ಲ ಕೆಸರು ಮಾಡುತ್ತಿದ್ದಿರಿ. ನಾನು ಬೈದು ಒರೆಸುತ್ತಿದ್ದೆ. ಅಮ್ಮ ಅವನನ್ನು ಕಪ್ಪಣ್ಣ ಎಂದು ಕರೆದು, ಅಡುಗೆಮನೆಯ ಹಿಂಬಾಗಿಲಲ್ಲಿ ಮೀನಿನ ತಲೆ ಹಾಕುತ್ತಿದ್ದರು. ಆಮೇಲೆ ದೋಹಾದ ಕೆಲಸ ಬಂತು. ನೀನು ಹೋಗುವುದಿಲ್ಲ ಎಂದೆ, ನಾಯಿಯನ್ನು ಬಿಟ್ಟು ಹೋಗಲಾಗುವುದಿಲ್ಲ ಎಂದೆ. ನಾನಿದ್ದೇನಲ್ಲ ಎಂದವಳು ನಾನೇ. ಹೊರಡುವ ದಿನ ನೀನು ಗೇಟಿನ ಹತ್ತಿರ ನಿಂತು ಹೇಳಿದ ಮಾತು ನನಗೆ ಅಕ್ಷರಕ್ಕಕ್ಷರ ನೆನಪಿದೆ.

“ಯಾರಿಗೂ ಕೊಡಬೇಡ ಅಕ್ಕ. ನಿನ್ನಿಂದ ಆಗದಿದ್ದರೆ ಒಂದು ಮಾತು ಹೇಳು. ಕೆಲಸ ಬಿಟ್ಟು ಬರ್ತೇನೆ.”

ಆಗ ಶುರುವಾಯಿತು ನಿನ್ನ ವಾಯ್ಸ್ ಮೆಸೇಜುಗಳು. ಅವನಿಗೆ ಬ್ರಷ್ ಹಾಕಬೇಡ ಅಕ್ಕ. ಒದ್ದೆ ಕೈಯಲ್ಲಿ ಸುತ್ತ ಸುತ್ತ ತಿಕ್ಕು, ಗುಂಗುರು ತಾನೇ ಕೂರುತ್ತದೆ. ಸೋಪು ಜಾಸ್ತಿ ಬೇಡ, ಮೈಯ ಎಣ್ಣೆ ಹೋಗುತ್ತದೆ, ಆ ಎಣ್ಣೆಯಿಂದಲೇ ನೀರು ಒಳಗೆ ಇಳಿಯುವುದಿಲ್ಲ. ಬೇಜಾರು ಬಂದರೆ ಏನಾದರೂ ಕೆಲಸ ಕೊಡು. ದೊಡ್ಡದಾಗಿ ಕಂಡರೂ ಬುದ್ಧಿ ಇನ್ನೂ ಮರಿಯದ್ದು, ಬೈಯಬೇಡ. ಗ್ರಾಹಕರ ತಲೆಗೆ ಬಣ್ಣ ಹಚ್ಚುತ್ತಾ ಇದನ್ನೆಲ್ಲ ಸ್ಪೀಕರಿನಲ್ಲಿ ಕೇಳುತ್ತಿದ್ದೆ. ನನಗೆ ಎಂಥ ಕೋಪ ಬರುತ್ತಿತ್ತು ಗೊತ್ತುಂಟಾ? ಅರ್ಧ ಮಂಗಳೂರಿನ ಗುಂಗುರು ಕೂದಲನ್ನು ನೆಟ್ಟಗೆ ಮಾಡಿದವಳು ನಾನು. ಕೂದಲಿನ ವಿಷಯವನ್ನು ನನಗೆ ನೀನು ಹೇಳಿಕೊಡುವುದಾ?

ಅದಕ್ಕೇ ಒಂದು ಭಾನುವಾರ ಅವನನ್ನು ಪಾರ್ಲರಿಗೆ ಕರೆತಂದು ಒಳ್ಳೆಯ ಶಾಂಪೂ ಹಾಕಿ ತೊಳೆದೆ. ಕಂಡೀಷನರ್ ಹಚ್ಚಿದೆ. ಡ್ರೈಯರ್ ಹಿಡಿದು ಬುಡದಿಂದ ತುದಿಯವರೆಗೆ ಬ್ರಷ್ ಎಳೆದೆ. ಅವನು ಪಾಪ, ಮದುಮಗಳ ಕುರ್ಚಿಯ ಹತ್ತಿರ ನಿಂತು ಎಲ್ಲ ಸಹಿಸಿಕೊಂಡ. ಮುಗಿದಾಗ ನೋಡುತ್ತೇನೆ — ಗುಂಗುರೇ ಇಲ್ಲ, ಹರಿದ ಹಾಸಿಗೆಯಿಂದ ಹತ್ತಿ ಹೊರಗೆ ಬಂದ ಹಾಗೆ ನಾಯಿ ಊದಿಕೊಂಡಿದೆ. ಅಮ್ಮ ನೋಡಿ ಬಾಗಿಲಲ್ಲೇ ಕೂತು ನಕ್ಕರು. ನನಗೆ ನಗು ಬರಲಿಲ್ಲ. ಅದನ್ನು ಸರಿ ಮಾಡುತ್ತೇನೆಂದು ಹಟ ಹಿಡಿದು ಮತ್ತೆ ಮತ್ತೆ ತೊಳೆದೆ, ಮತ್ತೆ ಮತ್ತೆ ಬ್ರಷ್ ಹಾಕಿದೆ. ಮಳೆಗಾಲ ಬಂತು. ಮೈಯ ಎಣ್ಣೆಯೆಲ್ಲ ಹೋಗಿದ್ದ ಕಾರಣ ನೀರು ಚರ್ಮಕ್ಕೆ ಇಳಿಯಿತು, ಒಣಗಲೇ ಇಲ್ಲ, ಕೆರೆದು ಕೆರೆದು ಹುಣ್ಣಾಯಿತು, ಇಡೀ ಮನೆ ಹುಳಿ ವಾಸನೆ. ನಿನಗೆ ತೋರಿಸಲಿಲ್ಲ. ನೀನು ವೀಡಿಯೊ ಕೇಳಿದಾಗಲೆಲ್ಲ ಮುಖ ಮಾತ್ರ ತೋರಿಸುತ್ತಿದ್ದೆ, ಅದು ಹೇಗೂ ನುಣುಪಲ್ಲವಾ.

ಅದರ ಮೇಲೆ ಅವನ ಕಸುಬು. ನೀನಿರುವಾಗ ಕೋಲು ತರುತ್ತಿದ್ದವನು ಈಗ ಊರನ್ನೇ ತರಲು ಶುರುಮಾಡಿದ. ಆಚೆ ಮನೆಯ ಚಪ್ಪಲಿ, ಈಚೆ ಮನೆಯ ತೆಂಗಿನಕಾಯಿ, ಒಣಗಲು ಹಾಕಿದ ಪಂಚೆ. ಕದ್ದವನ ಹಾಗೆ ಓಡಿ ಹೋಗುವುದೂ ಇಲ್ಲ. ತಂದು ನನ್ನ ಕಾಲಬುಡದಲ್ಲಿ ಇಟ್ಟು, ಕೂತು, ಮುಖ ನೋಡುತ್ತಾನೆ. ಶಹಬ್ಬಾಸ್ ಎನ್ನಬೇಕಂತೆ. ನಾನು ಆ ಸಾಮಾನುಗಳನ್ನು ಹಿಡಿದುಕೊಂಡು ಮನೆಮನೆಗೆ ಹೋಗಿ ಹಲ್ಲುಗಿಂಜಿ ವಾಪಸು ಕೊಟ್ಟು ಬರಬೇಕು, ಆಮೇಲೆ ಪಾರ್ಲರಿಗೆ ಓಡಬೇಕು.

ಕೊನೆಗೆ ಅವನು ತಂದದ್ದು ಪಕ್ಕದ ಮನೆಯ ಸರೋಜಕ್ಕನ ಕೋಳಿ. ಬರೀ ಕೋಳಿಯಾಗಿದ್ದರೆ ಬೇರೆ ಒಂದು ತಂದು ಕೊಟ್ಟು ಮುಗಿಸಬಹುದಿತ್ತು. ಅದು ದೈವಕ್ಕೆ ಹರಕೆ ಹೇಳಿ ತೆಗೆದಿಟ್ಟ ಹುಂಜ. ಮಗಳ ಹೆರಿಗೆ ಸುಸೂತ್ರವಾಗಲೆಂದು ಹೇಳಿಕೊಂಡದ್ದು, ದೈವಕ್ಕೆ ಬಡಿಸುವ ಅಗೆಲಿಗೆ ಇನ್ನೇನು ವಾರ ಇತ್ತು. ಕಪ್ಪಣ್ಣ ಬೇಲಿ ದಾಟಿ ಅದನ್ನು ಬಾಯಲ್ಲಿ ಹಿಡಿದು, ಜೀವಂತ, ಒಂದು ಗರಿ ಹಾಳಾಗದೆ, ನನ್ನ ಎದುರು ತಂದಿಟ್ಟ. ಹುಂಜ ಎದ್ದು ಮೈ ಕೊಡವಿ ನಮ್ಮ ಚಾವಡಿಯಲ್ಲೇ ತಿರುಗಾಡಿತು. ಆದರೆ ನಾಯಿಯ ಬಾಯಿ ತಾಗಿದ ಹರಕೆಯ ಕೋಳಿಯನ್ನು ದೈವಕ್ಕೆ ಹೇಗೆ ಕೊಡುವುದು? ಸರೋಜಕ್ಕ ಬೈಯಲಿಲ್ಲ, ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಅವರು ನಮ್ಮ ಮೆಟ್ಟಿಲ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಮಗಳಿಗೆ ಏನಾದರೂ ಆದರೆ ಎಂಬ ಹೆದರಿಕೆ. ಅಮ್ಮ ಅವರ ಕೈ ಹಿಡಿದು, ದೈವಕ್ಕೆ ಕೈಮುಗಿದು ತಪ್ಪುಕಾಣಿಕೆ ಇಡುತ್ತೇವೆ ಎಂದರು. ನಾನು ಆ ಕ್ಷಣವೇ ನಿರ್ಧರಿಸಿದೆ, ಈ ನಾಯಿ ಇನ್ನು ಈ ಮನೆಯಲ್ಲಿ ಬೇಡ.

ಮಗಳಿಗೆ ಏನೂ ಆಗಲಿಲ್ಲ, ಹೆರಿಗೆ ಚೆನ್ನಾಗಿಯೇ ಆಯಿತು. ಅಷ್ಟರಲ್ಲಿ ಕಪ್ಪಣ್ಣ ಹೋಗಿಯಾಗಿತ್ತು.

ಕೊಟ್ಟದ್ದು ಐರಿನ್ ಬಾಯಮ್ಮನಿಗೆ. ತಲೆಗೆ ಬಣ್ಣ ಹಾಕಿಸಿಕೊಳ್ಳಲು ನನ್ನಲ್ಲಿಗೇ ಬರುವವರು, ಕೂಳೂರಿನಲ್ಲಿ ಗುರುಪುರ ಹೊಳೆಯ ಬದಿಗೇ ಅವರ ಮನೆ, ಗಂಡ ಹೆಂಡತಿ ಬಾತುಕೋಳಿ ಸಾಕುತ್ತಾರೆ. ಇಳಿತ ಬಂದಾಗ ಬಾತುಗಳು ನೀರಿನ ಜೊತೆ ಕೆಳಗೆ ಹೋಗಿಬಿಡುತ್ತವೆ, ಹಿಂದೆ ತರುವುದೇ ದೊಡ್ಡ ಕೆಲಸ ಎಂದು ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು. ನಾನು ಕೈಯಲ್ಲಿ ಬಣ್ಣದ ಬ್ರಷ್ ಹಿಡಿದು ನಿಂತೇಬಿಟ್ಟೆ. ಬಾತುಕೋಳಿ. ಮರುದಿನವೇ ರಿಕ್ಷಾದಲ್ಲಿ ಅವನನ್ನು ಕರೆದುಕೊಂಡು ಹೋಗಿ ಬಿಟ್ಟು ಬಂದೆ. ಅವನು ಹೊಳೆ ನೋಡಿದವನು ನನ್ನ ಕಡೆ ತಿರುಗಿ ನೋಡಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು, ನೋಡು.

ಇಷ್ಟನ್ನು ನಿನಗೆ ಹೇಳಿದ್ದರೆ ಆಗುತ್ತಿತ್ತು. ಪ್ರವೀಣ, ನನ್ನಿಂದ ಆಗಲಿಲ್ಲ, ಒಳ್ಳೆಯ ಮನೆಗೆ ಕೊಟ್ಟಿದ್ದೇನೆ, ಅವನಿಗೆ ಅವನ ಕೆಲಸ ಸಿಕ್ಕಿದೆ — ಇಷ್ಟೇ. ನೀನು ಕೆಲಸ ಬಿಟ್ಟು ಓಡಿ ಬರುತ್ತೀ, ನಿನ್ನ ಬದುಕು ಮತ್ತೆ ಹಾಳಾಗುತ್ತದೆ, ಅದಕ್ಕೇ ಹೇಳಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೆ. ಅದು ಪೂರ್ತಿ ನಿಜವಲ್ಲ. ‘ನಿನ್ನಿಂದ ಆಗದಿದ್ದರೆ’ ಎಂದಿದ್ದೆಯಲ್ಲ, ಆ ಮಾತು ನನಗೆ ಚುಚ್ಚಿತ್ತು. ಗಂಡ ಹೋದ ಮೇಲೆ ಅಮ್ಮನ ಮನೆಗೆ ಬಂದು ಪಾರ್ಲರ್ ಕಟ್ಟಿದವಳು, ಅಮ್ಮನನ್ನು ನೋಡಿಕೊಂಡವಳು, ಮುರಿದು ಬಂದ ನಿನ್ನನ್ನೂ ನೋಡಿಕೊಂಡವಳು — ಒಂದು ನಾಯಿ ನನ್ನಿಂದ ಆಗಲಿಲ್ಲ ಎಂದು ಒಪ್ಪಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ. ಅಷ್ಟೇ ವಿಷಯ. ಬರೆದು ನೋಡಿದರೆ ಎಷ್ಟು ಸಣ್ಣದು.

ನೀನು ಫೋನ್ ಮಾಡಿದೆ. ಕಪ್ಪಣ್ಣನನ್ನು ತೋರಿಸು ಎಂದೆ. ತೀರಿಕೊಂಡ ಎಂದೆ ನಾನು. ಹೇಗೆ, ಎಂತ ಆಯಿತು ಎಂದು ನೀನು ಕೇಳಿದೆ. ಖಾಯಿಲೆ ಎಂದರೆ ಯಾವ ಡಾಕ್ಟರು ಎಂದು ಕೇಳುತ್ತೀ, ಗಾಡಿ ಗುದ್ದಿತು ಎಂದರೆ ಗೇಟು ಯಾಕೆ ತೆರೆದಿತ್ತು ಎಂದು ಕೇಳುತ್ತೀ. ನನ್ನ ಮೇಲೆ ಬಾರದ ಹಾಗೆ ಒಂದು ಉತ್ತರ ಬೇಕಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

“ನೀನು ಹೋದ ಮೇಲೆ ಅವ ಸರಿ ತಿನ್ನಲೇ ಇಲ್ಲ, ಪ್ರವೀಣ.”

ಅವನು ತಿನ್ನುತ್ತಿರಲಿಲ್ಲವಂತೆ. ಅಮ್ಮ ಹಾಕಿದ ಅನ್ನ, ಮೀನು, ನಾನು ಡಬ್ಬದಲ್ಲಿ ಅಡಗಿಸಿಟ್ಟ ಹಲಸಿನ ಚಿಪ್ಸು, ಎಲ್ಲ ತಿಂದು ಡಬ್ಬವನ್ನೂ ತಂದು ಕೊಟ್ಟವನು ಅವನು. ನನ್ನ ಸುಳ್ಳಿನಲ್ಲಿ ಅವನು ನಿನಗಾಗಿ ಕೊರಗಿ ಸತ್ತ, ಬಿಂಬುಳಿ ಮರದ ಬುಡದಲ್ಲಿ ಮಣ್ಣಾದ. ಅದರ ನಂತರ ನೀನು ಊರಿಗೆ ಬರುವುದನ್ನೇ ಬಿಟ್ಟೆ. ರಜೆ ಸಿಕ್ಕರೂ ಬರಲಿಲ್ಲ. ಒಮ್ಮೆ ಹೇಳಿದೆ, ನಾನು ಬಿಟ್ಟು ಬಂದದ್ದೆಲ್ಲ ಸಾಯ್ತದೆ ಅಕ್ಕ, ಎಂದು. ಆಗಲೂ ನಾನು ಬಾಯಿ ಬಿಡಲಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂದು, ಹಾಗೆಲ್ಲ ಮಾತಾಡಬೇಡ ಎಂದು ನಿನಗೇ ಬೈದು ಫೋನ್ ಇಟ್ಟೆ.

ಆಮೇಲೆ ಆಟಿ ಬಂತು. ತೀರಿಕೊಂಡವರಿಗೆ ಬಡಿಸುವ ದಿನ ಅಜ್ಜಿಗೊಂದು ಎಲೆ, ದೊಡ್ಡ ಮಾವನಿಗೊಂದು, ನಿನ್ನ ಭಾವನಿಗೊಂದು. ಕೋಳಿ ಪದಾರ್ಥ, ರೊಟ್ಟಿ, ಅವರವರಿಗೆ ಇಷ್ಟವಾದದ್ದು ಬಡಿಸಿ, ಬಾಗಿಲು ಎಳೆದು ಸ್ವಲ್ಪ ಹೊತ್ತು ಹೊರಗೆ ನಿಂತು, ಆಮೇಲೆ ನಾವು ಉಣ್ಣುವುದು. ನೀನು ವೀಡಿಯೊ ಕಾಲ್ ಮಾಡಿ ಕೇಳಿದೆ, ಕಪ್ಪಣ್ಣನಿಗೂ ಒಂದು ಸಣ್ಣ ಎಲೆ ಹಾಕು ಅಕ್ಕ, ಅವ ಮನೆಯವನೇ ಅಲ್ಲವಾ, ನಾನು ಇಲ್ಲಿಂದ ನೋಡುತ್ತೇನೆ. ಅಮ್ಮನಿಗೆ ಅವನು ಕೂಳೂರಿನಲ್ಲಿದ್ದಾನೆಂದು ಗೊತ್ತಿತ್ತು. ನಿನಗೆ ನಾನು ಏನು ಹೇಳಿದ್ದೇನೆ ಎಂಬುದು ಅವರಿಗೆ ತಿಳಿದದ್ದೇ ಆಗ. ಅವರು ಫೋನಿನಿಂದ ದೂರ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

“ಬದುಕಿದ್ದವನಿಗೆ ಎಲೆ ಹಾಕ್ತೀಯಾ ಜಯ? ನಿನಗೆ ಎಂತ ಆಗಿದೆ?”

ನಾನು ಹಾಕಿದೆ. ನೀನು ಫೋನಿನಲ್ಲಿ ಕಾಯುತ್ತಿದ್ದೆ, ಹಾಕಿದೆ. ಬಾಳೆಯ ಕುಡಿ ಎಲೆ, ಅದರಲ್ಲಿ ಅನ್ನ, ಹುರಿದ ಬಂಗುಡೆಯ ತಲೆ. ನನ್ನ ಗಂಡನ ಎಲೆಯ ಪಕ್ಕದಲ್ಲೇ. ನಮ್ಮವರು ಬದುಕಿರುವವರ ಹೆಸರನ್ನು ಆ ಕೋಣೆಯಲ್ಲಿ ಎತ್ತುವುದಕ್ಕೂ ಹೆದರುತ್ತಾರೆ, ನಾನು ಹೆಸರು ಹೇಳಿ ನೀರು ಬಿಟ್ಟೆ. ಗಂಡನ ಎಲೆಯ ಕಡೆ ನೋಡಲಾಗದೆ ಮುಖ ತಿರುಗಿಸಿದೆ, ನೀನು ಅದನ್ನು ದುಃಖ ಎಂದುಕೊಂಡೆ. ಅಮ್ಮ ಅವತ್ತು ಊಟಕ್ಕೆ ಕೂರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿ ಗಂಜಿ ಕಾಯಿಸಿ ಉಪ್ಪಿನಕಾಯಿ ಹಾಕಿಕೊಂಡು ಉಂಡರು. ಅಮ್ಮ ಎಲ್ಲಿ ಎಂದು ನೀನು ಕೇಳಿದೆ, ಹೊಟ್ಟೆ ಸರಿ ಇಲ್ಲ ಎಂದೆ. ಪ್ರತಿ ಆಟಿಯಲ್ಲೂ ನೀನು ಕೇಳಿದೆ, ಪ್ರತಿ ಆಟಿಯಲ್ಲೂ ಅವರ ಹೊಟ್ಟೆ ಸರಿ ಇರಲಿಲ್ಲ. ನಿನಗೆ ಅವರೇ ಹೇಳಬಹುದಿತ್ತು. ನಾನೇ ಹೇಳಬೇಕೆಂದು ಕಾದರು. ಕಾದು ಕಾದು —

ಈ ಮಧ್ಯೆ ಐರಿನ್ ಬಾಯಮ್ಮ ಬಣ್ಣ ಹಾಕಿಸಲು ಬಂದಾಗಲೆಲ್ಲ ಫೋನಿನಲ್ಲಿ ಅವನ ವೀಡಿಯೊ ತೋರಿಸುತ್ತಿದ್ದರು. ಬಾತುಗಳ ಹಿಂದೆ ಈಜಿ, ಸುತ್ತು ಹಾಕಿ, ದಡಕ್ಕೆ ತಿರುಗಿಸುತ್ತಾನೆ. ಬಾರದ ಒಂದನ್ನು ಬಾಯಲ್ಲಿ ಎತ್ತಿ ತರುತ್ತಾನೆ. ಅಲ್ಲಿ ಅವನಿಗೆ ಯಾರೂ ಬ್ರಷ್ ಹಾಕುವುದಿಲ್ಲ, ಶಾಂಪೂ ಇಲ್ಲ, ಹೊಳೆಯ ನೀರು, ಬಾಯಮ್ಮನ ಒದ್ದೆ ಕೈ, ಅಷ್ಟೇ. ಗುಂಗುರೆಲ್ಲ ಹಿಂದೆ ಬಂದಿದೆ, ಒಂದೊಂದೂ ಉಂಗುರದ ಹಾಗೆ ಗಟ್ಟಿ. ನಿಮ್ಮ ತಮ್ಮನಿಗೆ ಕಳಿಸಿದಿರಾ ಎಂದು ಕೇಳುತ್ತಿದ್ದರು. ಹೌದು ಬಾಯಮ್ಮ, ನೋಡಿ ಖುಷಿಪಟ್ಟ ಎನ್ನುತ್ತಿದ್ದೆ.

ಕಳೆದ ದೀಪಾವಳಿಯ ನಂತರ ಅಮ್ಮ ಹಾಸಿಗೆ ಹಿಡಿದರು. ಕೊನೆಯ ದಿನಗಳಲ್ಲಿ ಅವರು ಮಾತಾಡಿದ್ದೇ ಕಡಿಮೆ. ಒಂದು ಸಂಜೆ ತಲೆ ಬಾಚುತ್ತಿದ್ದೆ, ಕಣ್ಣು ಮುಚ್ಚಿಕೊಂಡೇ ಹೇಳಿದರು.

“ನನ್ನ ಎಲೆಯ ಹತ್ತಿರ ಆ ಎಲೆ ಹಾಕಬೇಡ.”

ಬಾಚಣಿಗೆ ಅವರ ಕೂದಲಿನಲ್ಲೇ ಉಳಿಯಿತು.

ಅಮ್ಮ ತೀರಿಕೊಂಡ ಮೇಲೆ ಬೊಜ್ಜಕ್ಕೆ, ಅವರ ಉತ್ತರಕ್ರಿಯೆಗೆ, ನೀನು ಬಂದೆ, ಎಷ್ಟೋ ವರ್ಷದ ನಂತರ. ಬಂದವನು ಮೊದಲು ಹೋದದ್ದು ಬಿಂಬುಳಿ ಮರದ ಹತ್ತಿರ. ಬಿದ್ದ ಹಣ್ಣುಗಳನ್ನೆಲ್ಲ ಹೆಕ್ಕಿ, ಕಸ ಗುಡಿಸಿ, ಊದುಬತ್ತಿ ಹಚ್ಚಿದೆ. ನಾನು ಕಿಟಕಿಯಿಂದ ನೋಡಿದೆ. ಆಮೇಲೆ ಸುರತ್ಕಲ್ಲಿನ ಚಿಕ್ಕಮ್ಮನಿಗೆ ಬೊಜ್ಜಕ್ಕೆ ಬರುವ ಹೇಳಿಕೆ ಕೊಟ್ಟು ನಾವಿಬ್ಬರೂ ವಾಪಸು ಬರುವಾಗ ಕೂಳೂರು ಸೇತುವೆಯ ಮೇಲೆ ಬ್ಲಾಕ್. ಹಿಂದೆ ಲಾರಿ, ಮುಂದೆ ಬಸ್ಸು, ಒಂದಿಂಚು ಹೋಗುವ ಹಾಗಿಲ್ಲ. ಎಲ್ಲಿ ನಿಲ್ಲಬಾರದೋ ಅಲ್ಲೇ ದೇವರು ಕಾರು ನಿಲ್ಲಿಸಿದ. ನೀನು ಗಾಜು ಇಳಿಸಿ ಹೊಳೆ ನೋಡುತ್ತಿದ್ದೆ. ಕೆಳಗೆ ದೂರದಲ್ಲಿ ಒಂದು ಕಪ್ಪು ತಲೆ ನೀರು ಸೀಳಿಕೊಂಡು ಹೋಗುತ್ತಿತ್ತು, ಅದರ ಮುಂದೆ ಬಾತುಗಳ ಸಾಲು. ನೀನು ಒಮ್ಮೆಲೇ ನೆಟ್ಟಗೆ ಕೂತೆ. ಅಕ್ಕ, ನಮ್ಮ ಕಪ್ಪಣ್ಣ ಹೀಗೇ ಈಜುತ್ತಿದ್ದ ನೋಡು, ಎಂದೆ.

“ನೀರಿಗೆ ಇಳಿದರೆ ಎಲ್ಲಾ ಕರಿನಾಯಿಯೂ ಒಂದೇ,” ಎಂದೆ ನಾನು. ಗಾಜು ಏರಿಸು, ಹೊಗೆ ಬರ್ತದೆ, ಎಂದೂ ಹೇಳಿದೆ. ನೀನು ಏರಿಸಿದೆ. ಬ್ಲಾಕ್ ಬಿಡಲು ಬಹಳ ಹೊತ್ತು ಹಿಡಿಯಿತು. ಅಷ್ಟೂ ಹೊತ್ತು ನಾನು ಬಾಯಿ ತೆರೆಯಬಹುದಿತ್ತು. ಡ್ರೈವರನಿಗೆ, ಲಾರಿಗೆ, ಹೆದ್ದಾರಿ ಮಾಡಿದವರಿಗೆ, ಎಲ್ಲರಿಗೂ ಬೈದೆ. ನೀನು ಮುಚ್ಚಿದ ಗಾಜಿನಿಂದಲೇ ಕೆಳಗೆ ನೋಡುತ್ತಿದ್ದೆ. ಮೊದಲಿನ ಸುಳ್ಳನ್ನು ಗಾಬರಿಯಲ್ಲಿ ಹೇಳಿದೆ ಎನ್ನಬಹುದು. ಸೇತುವೆಯ ಮೇಲೆ ಹೇಳಿದ್ದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ಈಗ ನೀನು ಅಮ್ಮನ ಮೊದಲ ಆಟಿಗೆ ಬರುತ್ತಿದ್ದೀ. ಮೊನ್ನೆ ಫೋನಿನಲ್ಲಿ, ಅಮ್ಮನ ಪಕ್ಕದಲ್ಲೇ ಕಪ್ಪಣ್ಣನಿಗೂ ಹಾಕುವ, ಅಮ್ಮನಿಗೆ ಅವನೆಂದರೆ ಎಷ್ಟು ಪ್ರೀತಿ ಅಲ್ಲವಾ, ಎಂದೆ. ಹೂಂ ಎಂದು ಫೋನ್ ಇಟ್ಟವಳಿಗೆ ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ನನ್ನ ಮನಸ್ಸಾಕ್ಷಿ ತಾನಾಗಿ ಎದ್ದು ಇದನ್ನು ಬರೆಸುತ್ತಿದೆ ಎಂದುಕೊಳ್ಳಬೇಡ. ಅಮ್ಮ ಆ ಒಂದು ಮಾತು ಹೇಳದಿದ್ದರೆ ಈ ವರ್ಷವೂ ಹಾಕುತ್ತಿದ್ದೆನೇನೋ.

ಇವತ್ತು ಬಾಯಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು, ತಮ್ಮನನ್ನು ಕರ್ಕೊಂಡು ಬನ್ನಿ ಜಯಕ್ಕ, ಕಪ್ಪಣ್ಣನಿಗೆ ಈಗ ಕಿವಿ ಸರಿ ಕೇಳುವುದಿಲ್ಲ, ಹತ್ತಿರ ಹೋಗಿಯೇ ಕರೆಯಬೇಕು, ಎಂದರು. ನೀನು ವಿಮಾನ ಹತ್ತುವ ಮೊದಲು ಇದು ನಿನ್ನ ಫೋನಿಗೆ ಬರುತ್ತದೆ. ದಾರಿಯುದ್ದಕ್ಕೂ ನನ್ನನ್ನು ಬೈಯಲು ನಿನಗೆ ಸಮಯ ಸಿಗಲಿ. ನಾನು ಏರ್‌ಪೋರ್ಟಿನಲ್ಲಿ ಇರುತ್ತೇನೆ. ನನ್ನ ಜೊತೆ ಬಂದರೆ ಪಡೀಲಿಗೆ ಹೋಗುವ ಮೊದಲು ಕಾವೂರಿನ ಮೂಲಕ ಕೂಳೂರಿಗೆ ಹೋಗುವ. ಬೇಡ ಎಂದರೆ ಬಾಯಮ್ಮನ ನಂಬರು ಕೊಡುತ್ತೇನೆ, ಒಬ್ಬನೇ ಹೋಗು. ಅವನಿಗೆ ನಿನ್ನ ಗುರುತು ಹತ್ತದೇ ಇರಬಹುದು. ಹತ್ತದಿದ್ದರೆ ಅದಕ್ಕೂ ನಾನೇ ಕಾರಣ. ಅವನು ಕೊರಗಿ ಸಾಯಲಿಲ್ಲ, ಪ್ರವೀಣ. ನೀನು ಬಿಟ್ಟು ಹೋದದ್ದಕ್ಕೆ ಯಾರೂ ಸಾಯಲಿಲ್ಲ. ಇದೊಂದನ್ನು ಮೊದಲು ನಂಬು, ನನ್ನನ್ನು ನಂಬುವುದು ಬಿಡುವುದು ಆಮೇಲೆ.

ಆಟಿಯ ದಿನ ಅಮ್ಮನ ಎಲೆ ನೀನೇ ಹಾಕು. ಬಡಿಸುವುದೂ ನೀನೇ. ಬದುಕಿದ್ದವನಿಗೆ ನೀರು ಬಿಟ್ಟ ಕೈಯಿಂದ ಅಮ್ಮ ಉಣ್ಣಲಾರರು. ಕೋಳಿ ಪದಾರ್ಥಕ್ಕೆ ಮಸಾಲೆ ಹುರಿದಿಟ್ಟಿರುತ್ತೇನೆ, ರೊಟ್ಟಿ ತಂದಿಟ್ಟಿರುತ್ತೇನೆ, ಎಲೆ ತೊಳೆದಿಟ್ಟಿರುತ್ತೇನೆ. ಬಾಗಿಲು ತೆರೆದ ಮೇಲೆ ಊಟಕ್ಕೆ ನನ್ನನ್ನು ಕರೆಯಬೇಕೆಂದಿಲ್ಲ. ನಾನು ಅಡುಗೆಮನೆಯ ಮೂಲೆಯಲ್ಲಿ, ಅಮ್ಮ ಕೂರುತ್ತಿದ್ದ ಮಣೆಯಲ್ಲಿ, ಗಂಜಿ ಕಾಯಿಸಿಕೊಂಡು ಕೂತಿರುತ್ತೇನೆ.